ಸರ್ವರ್ ಏಳದಿದ್ದಾಗ: ದೋಷ ಪತ್ತೆ ಹೇಗೆ, ಸೆಟ್ಟಿಂಗ್ ಮರುಹೊಂದಿಕೆ ಯಾವಾಗ?

ಕಂದಾಯ ಇಲಾಖೆಯ ‘ಭೂಮಿ’ ಯೋಜನೆ ಜಾರಿಗೆ ಬಂದು, 2002ರ ವೇಳೆಗೆ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವಾದಾಗ ರಾಜ್ಯದ 177 ತಾಲ್ಲೂಕು ಕಚೇರಿಗಳಲ್ಲಿ ಹೊಸ ಬಗೆಯ ಕೋಣೆಯೊಂದು ತಲೆಯೆತ್ತಿತು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಚೇರಿಗಳೂ ಇದಕ್ಕೆ ಹೊರತಾಗಿರಲಿಲ್ಲ. ಒಂದು ಸರ್ವರ್, ಅದಕ್ಕೊಂದು ಯುಪಿಎಸ್, ಸಿಬ್ಬಂದಿಯ ಬೆರಳಚ್ಚು ಪರಿಶೀಲಿಸುವ ಸಾಧನ, ಮುದ್ರಣಯಂತ್ರ, ಕಿಟಕಿಯಾಚೆ ನಿಂತ ರೈತನಿಗೂ ಕಾಣುವಂತೆ ತಿರುಗಿಸಿಟ್ಟ ಇನ್ನೊಂದು ಪರದೆ. ಇಷ್ಟೇ ಅಲ್ಲಿನ ಸರಂಜಾಮು. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ ಸಿದ್ಧಪಡಿಸಿದ ತಂತ್ರಾಂಶದ ಮೂಲಕ ರಾಜ್ಯದ ಸುಮಾರು 67 ಲಕ್ಷ ರೈತರಿಗೆ ಸೇರಿದ 2 ಕೋಟಿಯಷ್ಟು ಪಹಣಿಗಳು ಗಣಕಯಂತ್ರಕ್ಕೆ ಇಳಿದವು. 15 ರೂಪಾಯಿ ಕೊಟ್ಟರೆ ಪಹಣಿಯ ಪ್ರತಿ ಕೈಗೆ ಬರುತ್ತಿತ್ತು.

ಅಂದಿನಿಂದ ರೈತನ ದಿನಚರಿಗೂ ಒಂದು ಯಂತ್ರದ ಆರೋಗ್ಯಕ್ಕೂ ನಂಟು ಬೆಳೆಯಿತು. ಬೆಳೆ ಸಾಲದ ಅರ್ಜಿ, ಖಾತೆ ಬದಲಾವಣೆ, ನ್ಯಾಯಾಲಯಕ್ಕೆ ಸಲ್ಲಿಸಬೇಕಾದ ದಾಖಲೆ, ಇವೆಲ್ಲವೂ ಆ ಕೋಣೆಯ ಸರ್ವರ್ ಬೆಳಿಗ್ಗೆ ಚಾಲನೆಗೊಳ್ಳುವುದನ್ನೇ ಕಾಯಬೇಕಾಯಿತು. ರಾಮನಾಥಪುರದ ಕಡೆಯಿಂದ ಅರಕಲಗೂಡಿಗೆ, ಶ್ರವಣಬೆಳಗೊಳದ ಕಡೆಯಿಂದ ಚನ್ನರಾಯಪಟ್ಟಣಕ್ಕೆ ಮೊದಲ ಬಸ್ಸಿಗೇ ಬಂದವರಿಗೆ ‘ಸರ್ವರ್ ಇಲ್ಲ’ ಎಂಬ ಉತ್ತರ ದೊರೆತರೆ ಅವರ ಒಂದು ದಿನದ ಕೂಲಿಯೂ ಬಸ್ ಚಾರ್ಜೂ ವ್ಯರ್ಥ.

ಮುಂದೆ ‘ಭೂಮಿ’ಯ ದತ್ತಾಂಶ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಸ್ಥಳಾಂತರಗೊಂಡಿತು, ಪಹಣಿಯನ್ನು ಇಂದು ಅಂತರ್ಜಾಲದಲ್ಲಿಯೇ ಪಡೆಯಬಹುದು. ಆದರೆ ಸರ್ವರ್ ಎಂಬ ಯಂತ್ರ ತಾಲ್ಲೂಕು ಕೇಂದ್ರಗಳಿಂದ ಕಣ್ಮರೆಯಾಗಿಲ್ಲ. ಸಹಕಾರ ಸಂಘ, ಆಸ್ಪತ್ರೆ, ಕಾಲೇಜಿನ ಪ್ರಯೋಗಾಲಯ, ಮುದ್ರಣಾಲಯ, ದೊಡ್ಡ ಅಂಗಡಿ, ಲೆಕ್ಕಪರಿಶೋಧಕರ ಕಚೇರಿ ಎಲ್ಲೆಡೆ ಅದು ಮೂಲೆಯಲ್ಲೊಂದು ಗುಯ್‌ಗುಡುತ್ತಲೇ ಇರುತ್ತದೆ. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸರ್ಕಾರ 2022ರಲ್ಲಿ ಅನುಮೋದನೆ ನೀಡಿದ ಬಳಿಕ ಹಳ್ಳಿಯ ಸಂಘದ ಲೆಕ್ಕವೂ ಯಂತ್ರದ ಪಾಲಾಗುತ್ತಿದೆ. ಈ ಯಂತ್ರಗಳು ಕೈಕೊಟ್ಟಾಗ ಮೊದಲು ನೋಡಬೇಕಾದವರು ಕಂಪನಿಯ ಎಂಜಿನಿಯರ್ ಅಲ್ಲ, ಅಲ್ಲಿಯೇ ಇರುವ ಸಿಬ್ಬಂದಿ. ಹಾಸನದಿಂದ ಈ ಮೂರು ತಾಲ್ಲೂಕು ಕೇಂದ್ರಗಳಿಗೆ ಸುಮಾರು 30ರಿಂದ 40 ಕಿಲೋಮೀಟರ್ ದೂರವಿದ್ದರೂ, ಸರ್ವರಿನ ಬಿಡಿಭಾಗ ಮಾತ್ರ ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಬರಬೇಕಾಗುವುದು ಸಾಮಾನ್ಯ. ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ 1980ರ ದಶಕದಿಂದಲೂ ನೆಲೆಗೊಂಡಿರುವ ಊರಿನಲ್ಲಿ ಸರ್ವರಿನ ಮೆಮೊರಿ ಪಟ್ಟಿಯೊಂದಕ್ಕಾಗಿ ಎಸ್.ಪಿ. ರಸ್ತೆಯ ದಾರಿ ಕಾಯುವುದು ವಿಚಿತ್ರವಾದರೂ ವಾಸ್ತವ.

ಇಂಥ ಸಂದರ್ಭದಲ್ಲಿ ಬಹಳಷ್ಟು ಕಡೆ ಕಂಡುಬರುವ ಮೊದಲ ಪ್ರಯತ್ನವೆಂದರೆ ಮದರ್‌ಬೋರ್ಡಿನ ಬ್ಯಾಟರಿ ಕಿತ್ತು ಹಾಕಿ, ಸೆಟ್ಟಿಂಗ್‌ಗಳನ್ನೆಲ್ಲ ಕಾರ್ಖಾನೆಯ ಮೂಲಸ್ಥಿತಿಗೆ ತರುವುದು. ಮನೆಯ ಗಣಕಯಂತ್ರದ ಮಟ್ಟಿಗೆ ಇದು ನಿರಪಾಯ ಚಿಕಿತ್ಸೆ. ಸರ್ವರ್ ವಿಷಯದಲ್ಲಿ ಇದೇ ಚಿಕಿತ್ಸೆ ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡಂತೆ ಆಗಬಹುದು. ಅಳಿಸಿಹೋಗುವುದು ದೋಷ ಮಾತ್ರವಲ್ಲ, ಡಿಸ್ಕ್‌ಗಳನ್ನು ಹೇಗೆ ಓದಬೇಕೆಂಬ ವ್ಯವಸ್ಥೆಯೂ ಅದರೊಡನೆ ಹೋಗಬಹುದು. ಆದ್ದರಿಂದ ಮರುಹೊಂದಿಕೆಯನ್ನು ಕೊನೆಗೆ ಇಟ್ಟುಕೊಂಡು, ಯಂತ್ರವೇ ಏನು ಹೇಳುತ್ತಿದೆ ಎಂಬುದನ್ನು ಮೊದಲು ಕೇಳಿಸಿಕೊಳ್ಳಬೇಕು.

ಯಂತ್ರದ ಸ್ವಪರೀಕ್ಷೆ

ಗುಂಡಿ ಒತ್ತಿದ ಕ್ಷಣದಿಂದ ವಿಂಡೋಸ್ ಅಥವಾ ಲಿನಕ್ಸ್ ಪರದೆಯ ಮೇಲೆ ಮೂಡುವ ತನಕ ಸರ್ವರನ್ನು ಆಳುವುದು ಮದರ್‌ಬೋರ್ಡಿನ ಚಿಪ್ಪಿನಲ್ಲಿ ಬರೆದಿಟ್ಟಿರುವ ಮೂಲ ತಂತ್ರಾಂಶ. ಇದನ್ನು ಫರ್ಮ್‌ವೇರ್ ಎನ್ನುತ್ತಾರೆ. ಹಳೆಯ ಯಂತ್ರಗಳಲ್ಲಿ ಅದರ ಹೆಸರು ಬಯೋಸ್, ಈಚಿನವುಗಳಲ್ಲಿ ಯುಇಎಫ್‌ಐ. ಇದರ ಮೊದಲ ಕೆಲಸ ‘ಪೋಸ್ಟ್’ ಎಂಬ ಸ್ವಪರೀಕ್ಷೆ. ವಿದ್ಯುತ್ ಘಟಕ ಸರಿಯಾದ ವೋಲ್ಟೇಜ್ ಕೊಡುತ್ತಿದೆಯೇ, ಪ್ರೊಸೆಸರ್ ಎದ್ದಿದೆಯೇ, ಮೆಮೊರಿ ಓದು ಬರಹಕ್ಕೆ ಸಿದ್ಧವೇ, ಪರದೆಗೆ ಚಿತ್ರ ಕಳುಹಿಸುವ ಭಾಗ ಇದೆಯೇ, ಡಿಸ್ಕ್ ನಿಯಂತ್ರಕ ಉತ್ತರಿಸುತ್ತಿದೆಯೇ ಎಂದು ಸರಿಸುಮಾರು ಈ ಕ್ರಮದಲ್ಲಿಯೇ ಪರೀಕ್ಷೆ ಸಾಗುತ್ತದೆ. ಯಂತ್ರ ಎಲ್ಲಿ ನಿಂತಿತೆಂಬುದು ತಿಳಿದರೆ, ಅದಕ್ಕೆ ಹಿಂದಿನದೆಲ್ಲ ಬಹುಮಟ್ಟಿಗೆ ಸರಿಯಿದೆ ಎಂದೇ ಅರ್ಥ.

ಇಲ್ಲಿ ತಾಳ್ಮೆ ಬೇಕು. ಮನೆಯ ಗಣಕಯಂತ್ರ ಅರ್ಧ ನಿಮಿಷದಲ್ಲಿ ಮುಗಿಸುವ ಪರೀಕ್ಷೆಗೆ ಹೆಚ್ಚು ಮೆಮೊರಿ ಇರುವ ಸರ್ವರ್ ಹಲವು ನಿಮಿಷ ತೆಗೆದುಕೊಳ್ಳುತ್ತದೆ. ಮೆಮೊರಿ ಬದಲಿಸಿದ ಅಥವಾ ಸೆಟ್ಟಿಂಗ್ ಅಳಿಸಿದ ನಂತರದ ಮೊದಲ ಚಾಲನೆ ಇನ್ನೂ ನಿಧಾನ. ಫ್ಯಾನುಗಳು ಜೋರಾಗಿ ಬೀಸುತ್ತಿವೆ, ಪರದೆ ಕಪ್ಪಾಗಿದೆ ಎಂದು ಗಾಬರಿಯಾಗಿ ಗುಂಡಿ ಒತ್ತಿ ಆರಿಸಿದರೆ ಇಲ್ಲದ ದೋಷವನ್ನು ಕೈಯಾರೆ ತಂದುಕೊಂಡಂತೆ. ಹತ್ತು ನಿಮಿಷ ಕಾಯುವುದರಿಂದ ಯಾರ ಕೆಲಸವೂ ಕೆಡುವುದಿಲ್ಲ.

ಮೊದಲು ವಿದ್ಯುತ್ತು, ಆಮೇಲೆ ಉಳಿದದ್ದು

ತಾಲ್ಲೂಕು ಕೇಂದ್ರಗಳಲ್ಲಿ ಸರ್ವರ್ ಏಳದಿರುವುದಕ್ಕೆ ಕಾರಣ ಹಲವು ಬಾರಿ ಸರ್ವರಿನ ಒಳಗಿರುವುದಿಲ್ಲ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆ, ಪದೇ ಪದೇ ಹೋಗಿ ಬರುವ ವಿದ್ಯುತ್ತು, ವೋಲ್ಟೇಜಿನ ಏರಿಳಿತ ಇವು ಯುಪಿಎಸ್ ಬ್ಯಾಟರಿಯನ್ನು ತಿಂದುಹಾಕುತ್ತವೆ. ಯುಪಿಎಸ್‌ನ ಸೀಸದ ಬ್ಯಾಟರಿಗಳ ಆಯುಷ್ಯ ಸಾಮಾನ್ಯವಾಗಿ ಮೂರರಿಂದ ಐದು ವರ್ಷ. ಸೆಕೆಯ ಕೋಣೆಯಲ್ಲಿ ಇನ್ನೂ ಕಡಿಮೆ. ದುರ್ಬಲವಾದ ಬ್ಯಾಟರಿ ನಾಲ್ಕು ಗಣಕಯಂತ್ರಗಳ ಭಾರ ತಡೆದುಕೊಂಡೀತು. ಆದರೆ ಸರ್ವರ್ ಚಾಲನೆಗೊಳ್ಳುವಾಗ ಫ್ಯಾನು, ಡಿಸ್ಕುಗಳೆಲ್ಲ ಒಮ್ಮೆಲೇ ಎಳೆಯುವ ಭಾರಕ್ಕೆ ಕುಸಿದುಬಿಡುತ್ತದೆ. ಸರ್ವರ್ ಎರಡು ಸೆಕೆಂಡು ಸದ್ದು ಮಾಡಿ ಆರಿಹೋಗುತ್ತಿದ್ದರೆ, ಮುಚ್ಚಳ ಬಿಚ್ಚುವ ಮೊದಲು ಬೇರೆ ಒಳ್ಳೆಯ ಯುಪಿಎಸ್‌ಗೆ ಸಿಕ್ಕಿಸಿ ನೋಡುವುದು ವಿವೇಕ.

ಭೂಸಂಪರ್ಕದ ಮಾತೂ ಇಲ್ಲಿಯೇ ಬರಬೇಕು. ಜಿಲ್ಲೆಯ ಪಶ್ಚಿಮದಲ್ಲಿ ಮಲೆನಾಡಿನ ತೇವ, ಪೂರ್ವದಲ್ಲಿ ಬಯಲುಸೀಮೆಯ ಒಣನೆಲ. ಚನ್ನರಾಯಪಟ್ಟಣದ ಕಡೆ ಬೇಸಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗಿದರೆ ಅದರ ರೋಧ ಏರುತ್ತದೆ. ಉಪ್ಪು, ಇದ್ದಿಲು ತುಂಬಿದ ಗುಂಡಿಗೆ ಆಗಾಗ ನೀರು ಹಾಕಬೇಕೆಂಬ ಹಳೆಯ ರೂಢಿ ಹುಟ್ಟಿದ್ದು ಇದರಿಂದಲೇ. ಎಲೆಕ್ಟ್ರಿಷಿಯನ್‌ನಿಂದ ನ್ಯೂಟ್ರಲ್ ಮತ್ತು ಅರ್ಥ್ ನಡುವಿನ ವೋಲ್ಟೇಜನ್ನು ಮಲ್ಟಿಮೀಟರ್ ಹಿಡಿದು ಅಳೆಸಬೇಕು. ಅದು ಎರಡು ಮೂರು ವೋಲ್ಟ್ ಮೀರಿದ್ದರೆ ಸರ್ವರಿಗೆ ಒಳ್ಳೆಯದಲ್ಲ. ಕಾರಣವೇ ತಿಳಿಯದೆ ಆಗಾಗ ಯಂತ್ರ ನಿಲ್ಲುವ, ಜಾಲದ ಬಿಡಿಭಾಗಗಳು ಸುಡುವ ತೊಂದರೆಗಳ ಮೂಲ ಎಷ್ಟೋ ಸಲ ಈ ಗುಂಡಿಯಲ್ಲಿರುತ್ತದೆ.

ಎರಡು ವಿದ್ಯುತ್ ಘಟಕಗಳಿರುವ ಸರ್ವರಿನಲ್ಲಿ ಒಂದು ಕೆಟ್ಟರೂ ಯಂತ್ರ ನಡೆಯುತ್ತಿರುತ್ತದೆ. ಹಳದಿ ದೀಪವೊಂದು ತಿಂಗಳುಗಟ್ಟಲೆ ಉರಿಯುತ್ತಿದ್ದರೂ ಯಾರೂ ಗಮನಿಸಿರುವುದಿಲ್ಲ. ಎರಡನೆಯದೂ ಕೈಕೊಟ್ಟ ದಿನವೇ ಮೊದಲನೆಯದು ಕೆಟ್ಟಿತ್ತೆಂಬುದು ಬೆಳಕಿಗೆ ಬರುವುದು. ಯಂತ್ರದ ಹಿಂಬದಿಯ ದೀಪಗಳನ್ನು ವಾರಕ್ಕೊಮ್ಮೆ ನೋಡುವ ಅಭ್ಯಾಸ ಯಾವ ದುಬಾರಿ ತಂತ್ರಾಂಶಕ್ಕೂ ಕಡಿಮೆಯಲ್ಲ.

ಸದ್ದು, ಸಂಖ್ಯೆ, ದೀಪ

ಪರದೆಗೆ ಚಿತ್ರ ಬರುವ ಮೊದಲೇ ದೋಷ ಕಂಡುಬಂದರೆ ಯಂತ್ರ ಬೀಪ್ ಸದ್ದಿನ ಮೂಲಕ ತಿಳಿಸುತ್ತದೆ. ಬಹುತೇಕ ಯಂತ್ರಗಳಲ್ಲಿ ಒಂದೇ ಒಂದು ಚಿಕ್ಕ ಬೀಪ್ ಎಂದರೆ ಎಲ್ಲವೂ ಕ್ಷೇಮ. ಎಎಂಐ ಸಂಸ್ಥೆಯ ಬಯೋಸ್‌ನಲ್ಲಿ ಮೂರು ಬೀಪ್ ಮೆಮೊರಿಯ ಕಡೆಗೆ, ಐದು ಪ್ರೊಸೆಸರ್ ಕಡೆಗೆ, ಎಂಟು ಪರದೆಯ ಮೆಮೊರಿಯ ಕಡೆಗೆ ಬೆರಳು ತೋರಿಸುತ್ತವೆ. ಅವಾರ್ಡ್ ಬಯೋಸ್‌ನಲ್ಲಿ ಒಂದು ದೀರ್ಘ, ಎರಡು ಹ್ರಸ್ವ ಬೀಪ್ ಕೇಳಿಸಿದರೆ ಪರದೆಯ ಕಾರ್ಡಿನಲ್ಲಿ ದೋಷ. ಫೀನಿಕ್ಸ್ ಬಯೋಸ್ ತಾಳ ಹಾಕಿದಂತೆ ಬಿಟ್ಟು ಬಿಟ್ಟು ನುಡಿಯುತ್ತದೆ: 1-2-2-3 ಎಂದರೆ ಬಯೋಸ್ ಚಿಪ್ಪಿನ ಲೆಕ್ಕ ತಾಳೆಯಾಗಿಲ್ಲ, 1-3-4-1 ಎಂದರೆ ಮೆಮೊರಿಯ ದೋಷ. ಒಂದು ಸಂಸ್ಥೆಯ ಪಟ್ಟಿ ಇನ್ನೊಂದಕ್ಕೆ ಹೊಂದುವುದಿಲ್ಲವಾದ್ದರಿಂದ ತಮ್ಮ ಯಂತ್ರದ ಕೈಪಿಡಿಯ ಆ ಒಂದು ಪುಟವನ್ನು ಮುದ್ರಿಸಿ ಸರ್ವರಿನ ಪಕ್ಕದ ಗೋಡೆಗೆ ಅಂಟಿಸಿಡುವುದು ಒಳಿತು. ಯಂತ್ರ ಎದ್ದಿಲ್ಲದ ದಿನ ಅದೇ ಯಂತ್ರದಲ್ಲಿರುವ ಕೈಪಿಡಿಯ ಕಡತವನ್ನು ತೆರೆಯಲಾಗದು!

ಪರದೆಯ ಮೇಲೆ ಬರುವ ಸಂಖ್ಯೆಗಳಿಗೂ ಒಂದು ಇತಿಹಾಸವಿದೆ. 1984ರಲ್ಲಿ ಐಬಿಎಂ ಹೊರತಂದ ಪಿಸಿ ಎಟಿ ಗಣಕಯಂತ್ರ ಬ್ಯಾಟರಿ ಸತ್ತರೆ 161, ಸೆಟ್ಟಿಂಗ್ ವ್ಯತ್ಯಾಸವಾದರೆ 162, ದಿನಾಂಕ ತಪ್ಪಿದರೆ 163, ಮೆಮೊರಿಯ ಗಾತ್ರ ತಾಳೆಯಾಗದಿದ್ದರೆ 164 ಎಂದು ತೋರಿಸುತ್ತಿತ್ತು. ಕಾಂಪ್ಯಾಕ್, ಎಚ್‌ಪಿ ಸರ್ವರ್‌ಗಳು ಈ ಸಂಖ್ಯೆಗಳನ್ನು ಬಹುಕಾಲ ಹಾಗೆಯೇ ಉಳಿಸಿಕೊಂಡವು. ಪರದೆಯಲ್ಲಿ 162, 163 ಒಟ್ಟಿಗೆ ಕಾಣಿಸಿದರೆ ದೊಡ್ಡ ಅನಾಹುತವೆಂದು ಭಾವಿಸಬೇಕಾಗಿಲ್ಲ. ಮದರ್‌ಬೋರ್ಡಿನ ನಾಣ್ಯದಾಕಾರದ ಬ್ಯಾಟರಿಯನ್ನು ಮೊದಲು ಅನುಮಾನಿಸಬೇಕು.

ಬೀಪ್ ಇಲ್ಲ, ಸಂಖ್ಯೆಯೂ ಇಲ್ಲವೆಂದಾದರೆ ಮೂರನೆಯ ದಾರಿ ಸರ್ವರಿನ ಘಟನಾ ದಾಖಲೆ. ಇಂಟೆಲ್, ಎಚ್‌ಪಿ, ಡೆಲ್, ಎನ್‌ಇಸಿ ಸಂಸ್ಥೆಗಳು ಕೂಡಿ 1998ರಲ್ಲಿ ಐಪಿಎಂಐ ಎಂಬ ಮಾನದಂಡವನ್ನು ರೂಪಿಸಿದವು. ಇದರಂತೆ ಮದರ್‌ಬೋರ್ಡಿನಲ್ಲಿ ಒಂದು ಪುಟ್ಟ ಸ್ವತಂತ್ರ ನಿಯಂತ್ರಕವಿರುತ್ತದೆ. ಸರ್ವರ್ ಆರಿದ್ದರೂ, ತಂತಿಯಲ್ಲಿ ವಿದ್ಯುತ್ ಇರುವವರೆಗೆ ಅದು ಎಚ್ಚರವಾಗಿರುತ್ತದೆ. ಯಾವ ಫ್ಯಾನು ನಿಂತಿತು, ಯಾವ ಮೆಮೊರಿ ಪಟ್ಟಿಯಲ್ಲಿ ದೋಷ ಬಂತು ಎಂಬುದನ್ನು ಗಂಟೆ ನಿಮಿಷ ಸಹಿತ ಬರೆದಿಡುತ್ತದೆ. ಎಚ್‌ಪಿಯಲ್ಲಿ ಐಲೋ, ಡೆಲ್‌ನಲ್ಲಿ ಐಡ್ರ್ಯಾಕ್ ಎಂಬ ಹೆಸರಿನಲ್ಲಿ ಬೇರೊಂದು ಗಣಕಯಂತ್ರದಿಂದ ಜಾಲದ ಮೂಲಕ ಇದನ್ನು ಓದಬಹುದು. ಯಂತ್ರ ಕೊಂಡ ದಿನವೇ ಇದಕ್ಕೊಂದು ವಿಳಾಸ, ಗುಪ್ತಪದ ಕೊಟ್ಟಿರದಿದ್ದರೆ ಸಂಕಟದ ದಿನ ಇದರಿಂದ ಉಪಯೋಗವಿಲ್ಲ. ಎಷ್ಟೋ ಕಚೇರಿಗಳಲ್ಲಿ ಆ ಜಾಲದ ತಂತಿಯನ್ನೇ ಸಿಕ್ಕಿಸಿರುವುದಿಲ್ಲ.

ಮೆಮೊರಿಯ ಉಪದ್ರವ

ಒಳಭಾಗದ ದೋಷಗಳಲ್ಲಿ ಮೆಮೊರಿಯದೇ ದೊಡ್ಡ ಪಾಲು. ಮಳೆಗಾಲದ ತೇವಕ್ಕೆ ಮತ್ತು ಬೇಸಗೆಯ ಕೆಂಪು ಧೂಳಿಗೆ ಸಿಕ್ಕಿದ ಪಟ್ಟಿಯ ಲೋಹದ ಅಂಚುಗಳು ಮಂಕಾಗಿ ಸಂಪರ್ಕ ಸಡಿಲವಾಗುತ್ತದೆ. ವಿದ್ಯುತ್ ತಂತಿಗಳನ್ನೆಲ್ಲ ಕಳಚಿ, ಮುಚ್ಚಳ ತೆಗೆದು, ಮೈಯಲ್ಲಿರುವ ಸ್ಥಾಯೀ ವಿದ್ಯುತ್ತನ್ನು ಸರ್ವರಿನ ಬಣ್ಣವಿಲ್ಲದ ಲೋಹದ ಭಾಗ ಮುಟ್ಟಿ ಕಳೆದುಕೊಂಡು, ಪಟ್ಟಿಗಳನ್ನು ತೆಗೆದು ಮತ್ತೆ ಗಟ್ಟಿಯಾಗಿ ಕೂರಿಸುವುದರಿಂದಲೇ ಅನೇಕ ಸರ್ವರ್‌ಗಳು ಎದ್ದು ಕೂರುತ್ತವೆ. ತೆಗೆಯುವ ಮುನ್ನ ಯಾವ ಪಟ್ಟಿ ಯಾವ ಸಂಖ್ಯೆಯ ಸೀಳಿನಲ್ಲಿತ್ತೆಂದು ಗುರುತು ಹಾಕಿಕೊಳ್ಳುವುದು ಕಡ್ಡಾಯ. ಫಲ ಕಾಣದಿದ್ದರೆ ಕೈಪಿಡಿ ಹೇಳುವ ಕನಿಷ್ಠ ಸಂಖ್ಯೆಯ ಪಟ್ಟಿಗಳನ್ನಷ್ಟೇ ಉಳಿಸಿ, ಒಂದೊಂದನ್ನೇ ಬದಲಿಸುತ್ತ ನೋಡಬೇಕು.

ಸ್ಥಳೀಯವಾಗಿ ಆಗುವ ಇನ್ನೊಂದು ಎಡವಟ್ಟು ಸರ್ವರಿಗೆ ಸಾಮಾನ್ಯ ಗಣಕಯಂತ್ರದ ಮೆಮೊರಿ ತಂದು ಹಾಕುವುದು. ಸರ್ವರ್‌ಗಳು ಸಾಮಾನ್ಯವಾಗಿ ಇಸಿಸಿ ಎಂಬ ದೋಷ ತಿದ್ದುವ ಬಗೆಯ ಮೆಮೊರಿಯನ್ನು ಬಳಸುತ್ತವೆ. ಒಂದು ಬಿಟ್ ತಪ್ಪಾದರೆ ಅದು ತಾನೇ ತಿದ್ದುತ್ತದೆ, ಎರಡು ತಪ್ಪಾದರೆ ಪತ್ತೆ ಹಚ್ಚುತ್ತದೆ. ಅದರಲ್ಲಿಯೂ ಹಲವು ಯಂತ್ರಗಳಿಗೆ ‘ರಿಜಿಸ್ಟರ್ಡ್’ ಎಂಬ ಬಗೆಯೇ ಬೇಕು. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಪಟ್ಟಿ ಸೀಳಿನಲ್ಲಿ ಕೂರುವಂತೆ ಕಂಡರೂ ಯಂತ್ರ ಬೀಪ್ ಮಾಡಿ ನಿಲ್ಲುತ್ತದೆ. ಆಗ ತಪ್ಪು ಸರ್ವರಿನದೆಂದು ಭಾವಿಸಿ ಸೆಟ್ಟಿಂಗ್ ಅಳಿಸಲು ಹೊರಡುವುದು ಎರಡನೆಯ ತಪ್ಪು.

ಎರಡು ಆರ್‌ಟಿಸಿಗಳು

ಕರ್ನಾಟಕದಲ್ಲಿ ಆರ್‌ಟಿಸಿ ಎಂದರೆ ಪಹಣಿ. ಗಣಕಯಂತ್ರದ ಪರಿಭಾಷೆಯಲ್ಲಿ ಅದೇ ಮೂರಕ್ಷರಕ್ಕೆ ಮದರ್‌ಬೋರ್ಡಿನ ಗಡಿಯಾರವೆಂಬ ಅರ್ಥ. ತಾಲ್ಲೂಕು ಕಚೇರಿಯಲ್ಲಿ ಸರ್ವರ್ ಇದ್ದ ಕಾಲದಲ್ಲಿ ಇದು ಬರಿಯ ಪದಗಳ ಆಟವಾಗಿರಲಿಲ್ಲ. ಆ ಗಡಿಯಾರ ತಪ್ಪಿದರೆ ಅದರ ಲೆಕ್ಕದಂತೆಯೇ ಮುದ್ರಿತ ದಾಖಲೆಯ ದಿನಾಂಕವೂ ತಪ್ಪೀತು. ಖಾತೆ ಬದಲಾವಣೆಯಲ್ಲಿ ಅರ್ಜಿಗಳನ್ನು ಬಂದ ಕ್ರಮದಲ್ಲಿಯೇ ವಿಲೇವಾರಿ ಮಾಡಬೇಕೆಂಬುದು ‘ಭೂಮಿ’ಯ ನಿಯಮ, ಆಕ್ಷೇಪಣೆಗೆ ಇಂತಿಷ್ಟು ದಿನವೆಂಬ ಗಡುವು ಬೇರೆ. ದಿನಗಳನ್ನು ಎಣಿಸುವ ಯಂತ್ರ ಬೆಳಗಾಗುವಷ್ಟರಲ್ಲಿ ಹಲವು ವರ್ಷ ಹಿಂದಕ್ಕೆ ಹೋದರೆ ಆಗುವ ಗೊಂದಲವನ್ನು ಬಿಡಿಸಿ ಹೇಳಬೇಕಾಗಿಲ್ಲ. ಈಗಿನ ಕಚೇರಿಗಳಿಗೂ ಇದು ಅನ್ವಯಿಸುತ್ತದೆ. ಡಿಜಿಟಲ್ ಸಹಿಯ ಪ್ರಮಾಣಪತ್ರ ದಿನಾಂಕ ತಪ್ಪಿದ ಯಂತ್ರದಲ್ಲಿ ಅಮಾನ್ಯವೆಂದು ತೋರಿಸುತ್ತದೆ. ವಿಂಡೋಸ್ ಡೊಮೈನ್ ಜಾಲದಲ್ಲಿ ಸರ್ವರಿಗೂ ಉಳಿದ ಯಂತ್ರಗಳಿಗೂ ಐದು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವಾದರೆ ಪ್ರವೇಶವೇ ನಿರಾಕೃತವಾಗುತ್ತದೆ. ಸಿಬ್ಬಂದಿ ಗುಪ್ತಪದ ಮರೆತೆವೆಂದು ಒದ್ದಾಡುತ್ತಾರೆ.

ಈ ಗಡಿಯಾರಕ್ಕೆ ಜೀವ ಕೊಡುವುದು ಸಿಆರ್ 2032 ಎಂಬ ಮೂರು ವೋಲ್ಟಿನ ಲೀಥಿಯಂ ಬಿಲ್ಲೆ. ಪಿಸಿ ಎಟಿ ಯಂತ್ರದಲ್ಲಿದ್ದ ಮೊಟೊರೊಲಾ ಚಿಪ್ಪಿನ ಒಟ್ಟು ಜಾಗ 64 ಬೈಟ್: ಅದರಲ್ಲಿ 14 ಗಡಿಯಾರಕ್ಕೆ, 50 ಸೆಟ್ಟಿಂಗ್‌ಗಳಿಗೆ. ಸಿಮಾಸ್ ಎಂಬ ಹೆಸರು ಉಳಿದು ಬಂದದ್ದು ಆ ಚಿಪ್ಪನ್ನು ತಯಾರಿಸಿದ ತಂತ್ರದಿಂದ. ಮಲ್ಟಿಮೀಟರಿನಲ್ಲಿ ಬಿಲ್ಲೆ ಸುಮಾರು 2.7 ವೋಲ್ಟಿಗಿಂತ ಕಡಿಮೆ ತೋರಿಸಿದರೆ ಬದಲಿಸಬೇಕು. ಹತ್ತಾರು ರೂಪಾಯಿಯ ಈ ವಸ್ತು ಕೈಗಡಿಯಾರ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ. ಕೂಡಿಸುವಾಗ ಧನ ಚಿಹ್ನೆಯ ಮುಖ ಹಿಂದೆ ಇದ್ದ ಕಡೆಗೇ ಇರಬೇಕು.

ಮರುಹೊಂದಿಕೆಯ ಕ್ರಮ

ಇಷ್ಟೆಲ್ಲ ನೋಡಿದ ಮೇಲೂ ಯಂತ್ರ ಏಳದೆ, ಅಥವಾ ‘ಸಿಮಾಸ್ ಚೆಕ್‌ಸಮ್ ಎರರ್’ ಎಂಬ ಸಂದೇಶ ಬಿಡದೆ ಬರುತ್ತಿದ್ದರೆ, ಇಲ್ಲವೆ ಯಾರೋ ಹಾಕಿಟ್ಟ ಬಯೋಸ್ ಗುಪ್ತಪದ ಯಾರಿಗೂ ತಿಳಿಯದಿದ್ದರೆ ಮರುಹೊಂದಿಕೆಗೆ ಅರ್ಥವಿದೆ. ಸೆಟಪ್ ಪುಟ ತೆರೆಯುವಷ್ಟಾದರೂ ಯಂತ್ರ ಎದ್ದರೆ ಅಲ್ಲಿಂದಲೇ ಮಾಡುವುದು ಲೇಸು. ಮೊದಲು ಪ್ರತಿಯೊಂದು ಪುಟವನ್ನೂ ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡು, ನಂತರ ಮೂಲಸ್ಥಿತಿಗೆ ತರುವ ಆಯ್ಕೆ ಒತ್ತಬೇಕು. ಅನೇಕ ಸರ್ವರ್‌ಗಳಲ್ಲಿ ಇದು ಎಫ್ 9 ಕೀಲಿ.

ಸೆಟಪ್ ಪುಟವೂ ತೆರೆಯದಿದ್ದಾಗ ಮದರ್‌ಬೋರ್ಡಿನ ಜಂಪರ್ ಅಥವಾ ಚಿಕ್ಕ ಸ್ವಿಚ್ಚಿನ ಮೊರೆ ಹೋಗಬೇಕು. ಇಲ್ಲಿ ಎಲ್ಲ ಯಂತ್ರಗಳಿಗೂ ಒಂದೇ ವಿಧಾನವಿಲ್ಲವೆಂಬುದನ್ನು ಒತ್ತಿ ಹೇಳಬೇಕಾಗಿದೆ. ಮನೆಯ ಗಣಕಯಂತ್ರಗಳ ಬಹುತೇಕ ಬೋರ್ಡುಗಳಲ್ಲಿ ವಿದ್ಯುತ್ ಕಳಚಿ, ಜಂಪರನ್ನು ಕೆಲವು ಸೆಕೆಂಡು ಪಕ್ಕದ ಕಡ್ಡಿಗಳಿಗೆ ಸರಿಸಿ, ಮತ್ತೆ ಮೊದಲಿನ ಜಾಗಕ್ಕೆ ತಂದ ನಂತರವೇ ಚಾಲನೆ ಕೊಡಬೇಕು. ಡೆಲ್ ಪವರ್‌ಎಡ್ಜ್ ಸರ್ವರ್‌ಗಳ ‘ಎನ್‌ವಿರ್ಯಾಮ್ ಕ್ಲಿಯರ್’ ಜಂಪರ್ ಹಾಗಲ್ಲ; ಅದನ್ನು ಅಳಿಸುವ ಸ್ಥಾನದಲ್ಲಿಟ್ಟು ಒಮ್ಮೆ ಯಂತ್ರಕ್ಕೆ ಚಾಲನೆ ಕೊಟ್ಟಾಗಲೇ ಸೆಟ್ಟಿಂಗ್ ಅಳಿಯುವುದು. ಎಚ್‌ಪಿ ಪ್ರೋಲಿಯಂಟ್‌ನಲ್ಲಿ ಸಾಲಾಗಿರುವ ಚಿಕ್ಕ ಸ್ವಿಚ್ಚುಗಳ ಪೈಕಿ ಆರನೆಯದು ಈ ಕೆಲಸಕ್ಕೆ; ಐದನೆಯದು ಗುಪ್ತಪದ ರದ್ದುಪಡಿಸುವುದಕ್ಕೆ; ಮೊದಲನೆಯದು ಐಲೋ ಭದ್ರತೆಗೆ. ಗುಪ್ತಪದವಷ್ಟೇ ಮರೆತಿದ್ದರೆ ಐದನೆಯ ಸ್ವಿಚ್ಚು ಸಾಕು, ಆರನ್ನು ಮುಟ್ಟುವ ಅಗತ್ಯವೇ ಇಲ್ಲ. ಮುಚ್ಚಳದ ಒಳಬದಿಗೆ ಅಂಟಿಸಿರುವ ನಕ್ಷೆ ನೋಡದೆ ಅಂದಾಜಿನ ಮೇಲೆ ಕೈಹಾಕಬಾರದು.

ಬ್ಯಾಟರಿ ಕಿತ್ತರೆ ಎಲ್ಲವೂ ಅಳಿಯುತ್ತದೆಂಬ ನಂಬಿಕೆ ಹಳೆಯ ಯಂತ್ರಗಳ ಮಟ್ಟಿಗೆ ನಿಜ. ಯುಇಎಫ್‌ಐ ಇರುವ ಈಚಿನ ಸರ್ವರ್‌ಗಳು ಸೆಟ್ಟಿಂಗ್‌ಗಳನ್ನು ಫ್ಲಾಶ್ ಚಿಪ್ಪಿನಲ್ಲಿ ಬರೆದಿಡುತ್ತವೆ. ಅಲ್ಲಿ ಬಿಲ್ಲೆ ತೆಗೆದರೆ ಕೆಡುವುದು ಗಡಿಯಾರ ಮಾತ್ರ. ದೋಷ ಇದ್ದಲ್ಲೇ ಇರುತ್ತದೆ, ಜೊತೆಗೆ ದಿನಾಂಕವೂ ತಪ್ಪುತ್ತದೆ.

ಡಿಸ್ಕ್‌ಗಳ ವಿಷಯದಲ್ಲಿ ಎಚ್ಚರ

ನಿಜವಾದ ಅಪಾಯ ಇರುವುದು ಇಲ್ಲಿ. ಸರ್ವರ್‌ಗಳಲ್ಲಿ ಎರಡು ಅಥವಾ ಹೆಚ್ಚು ಡಿಸ್ಕ್‌ಗಳನ್ನು ‘ರೇಡ್’ ಎಂಬ ಏರ್ಪಾಟಿನಲ್ಲಿ ಜೋಡಿಸಿರುತ್ತಾರೆ. ರೇಡ್ 1ರಲ್ಲಿ ಒಂದರ ಪ್ರತಿರೂಪವೇ ಇನ್ನೊಂದು. ರೇಡ್ 5ರಲ್ಲಿ ದತ್ತಾಂಶ ಮೂರೋ ಹೆಚ್ಚೋ ಡಿಸ್ಕ್‌ಗಳಲ್ಲಿ ಹಂಚಿಹೋಗಿರುತ್ತದೆ. ಪ್ರತ್ಯೇಕ ರೇಡ್ ಕಾರ್ಡ್ ಇರುವ ಯಂತ್ರದಲ್ಲಿ ಈ ಜೋಡಣೆಯ ವಿವರ ಕಾರ್ಡಿನಲ್ಲಿಯೂ ಡಿಸ್ಕ್‌ಗಳ ಮೇಲೆಯೂ ಇರುವುದರಿಂದ ಬಯೋಸ್ ಅಳಿಸಿದ ಮಾತ್ರಕ್ಕೆ ಅದು ಹಾಳಾಗುವುದಿಲ್ಲ. ಮದರ್‌ಬೋರ್ಡಿನಲ್ಲಿಯೇ ಅಂತರ್ಗತವಾದ ಅಗ್ಗದ ರೇಡ್ ಇದ್ದರೆ ಕಥೆ ಬೇರೆ. ಮರುಹೊಂದಿಕೆಯಾದೊಡನೆ ಡಿಸ್ಕ್ ನಿಯಂತ್ರಕ ರೇಡ್ ವಿಧಾನದಿಂದ ಸಾಮಾನ್ಯ ವಿಧಾನಕ್ಕೆ ಮರಳಬಹುದು. ಆಗ ಯಂತ್ರ ಡಿಸ್ಕ್ ಇಲ್ಲವೆಂದು ನಿಲ್ಲುತ್ತದೆ, ಅಥವಾ ಜೋಡಿಯ ಒಂದೇ ಡಿಸ್ಕಿನಿಂದ ಏನೂ ಆಗಿಲ್ಲವೆಂಬಂತೆ ಎದ್ದುಬಿಡುತ್ತದೆ. ಎರಡನೆಯದೇ ಹೆಚ್ಚು ಮೋಸದ್ದು. ಸಿಬ್ಬಂದಿ ಸಂತೋಷದಿಂದ ಕೆಲಸ ಮುಂದುವರಿಸುತ್ತಾರೆ; ಹೊಸ ಲೆಕ್ಕವೆಲ್ಲ ಒಂದೇ ಡಿಸ್ಕಿಗೆ ಸೇರುತ್ತದೆ. ವಾರದ ನಂತರ ಯಾರೋ ರೇಡ್ ವಿಧಾನ ಮರಳಿ ತಂದಾಗ ಯಾವ ಡಿಸ್ಕ್ ಹೊಸದು, ಯಾವುದು ಹಳೆಯದೆಂದು ಯಂತ್ರಕ್ಕೆ ತಿಳಿಯದೆ, ಹಳೆಯದೇ ಹೊಸದರ ಮೇಲೆ ನಕಲಾಗುವ ಸಂಭವವಿದೆ. ಒಂದು ವಾರದ ಸಾಲ ಮರುಪಾವತಿಯ ಲೆಕ್ಕ ಹಾಗೆ ಮಾಯವಾದರೆ ಸಹಕಾರ ಸಂಘದ ಕಾರ್ಯದರ್ಶಿ ಸದಸ್ಯರಿಗೆ ಉತ್ತರಿಸಬೇಕಾಗುತ್ತದೆ.

ರೇಡ್ ಕಾರ್ಡ್ ಇರುವ ಯಂತ್ರಗಳಲ್ಲಿ ಡಿಸ್ಕ್ ತೆಗೆದು ಹಾಕಿದ ಬಳಿಕ ಅಥವಾ ಕಾರ್ಡ್ ಬದಲಿಸಿದ ಬಳಿಕ ‘ಫಾರಿನ್ ಕಾನ್ಫಿಗರೇಶನ್’ ಎಂಬ ಪ್ರಶ್ನೆ ಬರುವುದುಂಟು. ಡಿಸ್ಕಿನಲ್ಲಿರುವ ಜೋಡಣೆಯನ್ನು ಒಪ್ಪಿಕೊಳ್ಳಲೇ, ಅಳಿಸಲೇ ಎಂಬುದು ಅದರ ಅರ್ಥ. ಇಂಪೋರ್ಟ್ ಎಂದರೆ ಒಪ್ಪಿಕೊಳ್ಳುವುದು, ಕ್ಲಿಯರ್ ಎಂದರೆ ಆ ಜೋಡಣೆಯ ವಿವರವನ್ನು ಅಳಿಸುವುದು, ಇನಿಷಿಯಲೈಜ್ ಎಂದರೆ ದತ್ತಾಂಶಕ್ಕೇ ಎಳ್ಳುನೀರು. ಅರ್ಥವಾಗದ ಪ್ರಶ್ನೆಗೆ ‘ಯಸ್’ ಒತ್ತುವುದಕ್ಕಿಂತ ಯಂತ್ರವನ್ನು ಆರಿಸಿ ತಿಳಿದವರಿಗೆ ಫೋನು ಮಾಡುವುದು ಮೇಲು. ಡಿಸ್ಕ್ ಹೊರತೆಗೆಯುವ ಸಂದರ್ಭ ಬಂದರೆ 0, 1, 2 ಎಂದು ಚೀಟಿ ಅಂಟಿಸಿಯೇ ತೆಗೆಯಬೇಕು. ಹಾರ್ಡ್ ಡಿಸ್ಕಿನ ಚೀಟಿಗೆ ಹಚ್ಚಿದ ಗೋಂದು ಒಂದು ತಾಲ್ಲೂಕಿನ ದಾಖಲೆಯನ್ನು ಉಳಿಸಬಲ್ಲದು.

ಗೂಢಲಿಪಿಯಲ್ಲಿಟ್ಟ ಡಿಸ್ಕ್‌ಗಳಿಗೆ ಇನ್ನೊಂದು ಷರತ್ತುಂಟು. ಬಿಟ್‌ಲಾಕರ್ ಚಾಲನೆಯಲ್ಲಿರುವ ಸರ್ವರಿನ ಫರ್ಮ್‌ವೇರ್ ಸೆಟ್ಟಿಂಗ್ ಬದಲಾದರೆ ಯಂತ್ರ 48 ಅಂಕಿಯ ಮರುಪಡೆಯುವ ಕೀಲಿಯನ್ನು ಕೇಳಬಹುದು. ಆ ಕೀಲಿಯನ್ನು ಅದೇ ಸರ್ವರಿನೊಳಗೆ ಉಳಿಸಿಟ್ಟಿದ್ದರೆ ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದಂತಾಯಿತು.

ಎದ್ದ ಮೇಲೆ

ಮರುಹೊಂದಿಕೆಯ ಬಳಿಕ ಯಂತ್ರ ಎದ್ದಿತೆಂದು ಕೂಡಲೇ ಕೌಂಟರ್ ತೆರೆಯಬಾರದು. ಮೊದಲಿಗೆ ದಿನಾಂಕ, ಸಮಯ. ಬಳಿಕ ಡಿಸ್ಕ್ ವಿಧಾನ, ಚಾಲನೆಯ ಕ್ರಮ. ಹಳೆಯ ರೀತಿಯಲ್ಲಿ ಅಳವಡಿಸಿದ ವಿಂಡೋಸ್ ಇದ್ದು, ಫರ್ಮ್‌ವೇರ್ ಯುಇಎಫ್‌ಐ ವಿಧಾನಕ್ಕೆ ಹೋಗಿದ್ದರೆ ‘ಬೂಟ್ ಮಾಡುವ ಸಾಧನ ಇಲ್ಲ’ ಎಂಬ ಸಂದೇಶ ಬರುತ್ತದೆ. ಡಿಸ್ಕ್ ಸತ್ತಿತೆಂದು ಎದೆಗುಂದದೆ ವಿಧಾನ ಬದಲಿಸಿ ನೋಡಬೇಕು. ವರ್ಚುವಲ್ ಯಂತ್ರಗಳಿದ್ದರೆ ಪ್ರೊಸೆಸರಿನ ಆ ಸೌಲಭ್ಯ ಮತ್ತೆ ಚಾಲೂ ಆಗಿರಬೇಕು.

ತಾಲ್ಲೂಕು ಕೇಂದ್ರಗಳಿಗೆ ಮುಖ್ಯವಾದ, ಆದರೆ ಬಹುಮಂದಿ ಮರೆಯುವ ಆಯ್ಕೆ ಒಂದಿದೆ: ಹೋದ ವಿದ್ಯುತ್ ಮರಳಿದಾಗ ಯಂತ್ರ ತಾನಾಗಿ ಏಳಬೇಕೇ, ಹಿಂದಿನ ಸ್ಥಿತಿಗೆ ಮರಳಬೇಕೇ, ಆರಿಯೇ ಇರಬೇಕೇ ಎಂಬುದು. ರಾತ್ರಿ ಯಾರೂ ಇಲ್ಲದ ಕಚೇರಿಯಲ್ಲಿ ‘ಆರಿಯೇ ಇರು’ ಎಂಬ ಆಯ್ಕೆ ಇದ್ದರೆ ಬೆಳಿಗ್ಗೆ ಬಂದವರು ಸರ್ವರ್ ಕೆಟ್ಟಿತೆಂದು ದೂರುತ್ತಾರೆ. ಪದೇ ಪದೇ ವಿದ್ಯುತ್ ಹೋಗಿ ಬರುವ ಊರಿನಲ್ಲಿ ತಕ್ಷಣ ಏಳುವ ಆಯ್ಕೆಯೂ ಅಪಾಯವೇ. ಅರ್ಧ ಎದ್ದು ಅರ್ಧ ಬೀಳುವ ಆಟದಲ್ಲಿ ಡಿಸ್ಕ್ ನಲುಗುತ್ತದೆ. ಕೆಲವು ಸರ್ವರ್‌ಗಳಲ್ಲಿ ಒಂದೆರಡು ನಿಮಿಷ ತಡೆದು ಏಳುವ ಆಯ್ಕೆ ಇರುತ್ತದೆ. ಅದಿದ್ದರೆ ಅದನ್ನೇ ಆರಿಸುವುದು ಉತ್ತಮ.

ಫರ್ಮ್‌ವೇರನ್ನೇ ಹೊಸದಾಗಿ ಬರೆಯುವ ಸಾಹಸಕ್ಕೆ ಮಳೆಯ ಮೋಡ ಕವಿದ ಸಂಜೆ ಖಂಡಿತ ಮುಹೂರ್ತವಲ್ಲ. ನಡುವೆ ವಿದ್ಯುತ್ ಹೋದರೆ ಮದರ್‌ಬೋರ್ಡೇ ನಿರುಪಯುಕ್ತವಾಗಬಹುದು. ಯುಪಿಎಸ್ ಪೂರ್ಣ ತುಂಬಿದ್ದು, ಬ್ಯಾಕಪ್ ಬೇರೊಂದು ಕಟ್ಟಡದಲ್ಲಿ ಭದ್ರವಾಗಿದ್ದಾಗ, ರಜಾದಿನದ ಬೆಳಿಗ್ಗೆ ಕೈಗೆತ್ತಿಕೊಳ್ಳಬಹುದಾದ ಕೆಲಸವದು. ದೋಷವೊಂದರ ಪರಿಹಾರಕ್ಕೆ ಹೊಸ ಆವೃತ್ತಿ ಅಗತ್ಯವೆಂದು ತಯಾರಕರೇ ಹೇಳಿರದಿದ್ದರೆ ಏಳದ ಯಂತ್ರಕ್ಕೆ ಇದು ಮದ್ದಲ್ಲ.

ಇನ್ನು ಉಳಿದದ್ದು ಒಂದು ನೋಟ್‌ಪುಸ್ತಕ. ಯಂತ್ರದ ಮಾದರಿ ಮತ್ತು ಸರಣಿ ಸಂಖ್ಯೆ, ರೇಡ್ ಬಗೆ, ಡಿಸ್ಕ್‌ಗಳ ಕ್ರಮ, ಮೆಮೊರಿಯ ಬಗೆ, ಬಿಲ್ಲೆ ಮತ್ತು ಯುಪಿಎಸ್ ಬ್ಯಾಟರಿ ಬದಲಿಸಿದ ದಿನಾಂಕ, ನಿರ್ವಹಣಾ ಒಪ್ಪಂದದವರ ದೂರವಾಣಿ, ಕಂಡ ದೋಷ, ಕೈಗೊಂಡ ಕ್ರಮ ಎಲ್ಲವನ್ನೂ ಅದರಲ್ಲಿ ಬರೆದಿಡಬೇಕು. ಗುಪ್ತಪದಗಳನ್ನು ಮಾತ್ರ ಬೇರೆ ಲಕೋಟೆಯಲ್ಲಿ ಮುದ್ರೆ ಹಾಕಿ ಕಚೇರಿಯ ಮುಖ್ಯಸ್ಥರ ಕಪಾಟಿನಲ್ಲಿರಿಸಬೇಕು. ಸಿಬ್ಬಂದಿ ವರ್ಗಾವಣೆಯಾಗುತ್ತಾರೆ, ಗುತ್ತಿಗೆದಾರರೂ ಬದಲಾಗುತ್ತಾರೆ. ಅಧಿಕಾರ ಹಸ್ತಾಂತರದ ಪಟ್ಟಿಯಲ್ಲಿ ಕುರ್ಚಿ, ಮೇಜು, ಕಪಾಟಿನ ಬೀಗದ ಕೈಗಳ ಜೊತೆ ಈ ಪುಸ್ತಕವೂ ಆ ಲಕೋಟೆಯೂ ಒಂದೊಂದು ಬಾಬ್ತಾಗಿ ನಮೂದಾಗಬೇಕು.